ಹಡಗು ಹತ್ತುವಾಗ ಬಿಟ್ಟುಹೋದದ್ದು

ಪರದೇಶದಿಂದ ಬಂದವರ ಆಗಮನವನ್ನು ಚರಿತ್ರೆಯು ಎಚ್ಚರಿಕೆಯಿಂದ ಗುರುತಿಟ್ಟುಕೊಳ್ಳುತ್ತದೆ. ಅವರ ನಿರ್ಗಮನವನ್ನು ಅಷ್ಟಾಗಿ ಗಮನಿಸುವುದಿಲ್ಲ. 1834ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದಿಳಿದರೆಂಬುದನ್ನು ಅನೇಕರು ಬಲ್ಲರು. ಆದರೆ ಅವರೂ ಅವರ ಹಿಂದೆ ಬಂದ ಇತರರೂ ಈ ನೆಲವನ್ನು ಬಿಟ್ಟುಹೋದದ್ದು ಹೇಗೆ? ಹಡಗು ಹತ್ತುವಾಗ ಅವರ ಲೆಕ್ಕದಲ್ಲಿ ಲಾಭವೆಷ್ಟು, ನಷ್ಟವೆಷ್ಟು? ಯಾವ ಕಾರ್ಯಕ್ಕೆಂದು ಬಂದಿದ್ದರೋ ಅದು ಕೈಗೂಡಿತ್ತೆ? ಕೈಗೂಡದಿದ್ದರೆ ಅವರ ಬದುಕು ವ್ಯರ್ಥವಾಯಿತೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡು ಹೊರಟರೆ, ಅನಿರೀಕ್ಷಿತವಾಗಿ ಕನ್ನಡ ನುಡಿಯ ಭಂಡಾರದ ಬಾಗಿಲಿಗೇ ಬಂದು ನಿಲ್ಲಬೇಕಾಗುತ್ತದೆ.

ಬಾಸೆಲ್ ಮಿಶನ್ನು 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಸಂಸ್ಥೆ. ಅದರಲ್ಲಿ ಸೇರಿದ ತರುಣರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮನೆಗಳಿಂದ ಬಂದವರು. 1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ಪರಿಷ್ಕೃತವಾಗಿ, ಆಂಗ್ಲರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ ಅವರು ಬಂದರು.

ಬರುವುದೇನೋ ಬಂದರು, ಮರಳುವುದು ಮಾತ್ರ ಅವರ ಕೈಯಲ್ಲಿರಲಿಲ್ಲ. ಆ ಕಾಲಕ್ಕೆ ಈ ಪಯಣವೆಂದರೆ ಇಂದಿನ ವಿಮಾನಯಾನವಲ್ಲ. ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿಬರುವ ಹಾಯಿಹಡಗಿಗೆ ಮೂರು ನಾಲ್ಕು ತಿಂಗಳು ಹಿಡಿಯುತ್ತಿತ್ತು. ಗಾಳಿ ಕೈಕೊಟ್ಟರೆ ಐದು ತಿಂಗಳಾದರೂ ಆಶ್ಚರ್ಯವಿರಲಿಲ್ಲ. ಈಜಿಪ್ಟಿನ ಮಾರ್ಗವಾಗಿ ಬೇಗ ಹೋಗಬಹುದಾಗಿತ್ತಾದರೂ ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಒಂದು ಹಡಗಿನಿಂದಿಳಿದು ನೆಲದ ಮೇಲೆ ಸಾಗಿ, ಇನ್ನೊಂದು ಹಡಗನ್ನೇರಬೇಕಾಗಿತ್ತು. ಮಳೆಗಾಲದಲ್ಲಿ ಮಂಗಳೂರಿನ ಅಳಿವೆಯನ್ನು ದಾಟುವ ಧೈರ್ಯವನ್ನು ಯಾವ ನಾವಿಕನೂ ಮಾಡುತ್ತಿರಲಿಲ್ಲ. ಬೇಸಗೆಯಲ್ಲಿಯೂ ದೊಡ್ಡ ಹಡಗುಗಳು ದಂಡೆಗೆ ಬಾರದೆ ದೂರದಲ್ಲಿಯೇ ಲಂಗರು ಹಾಕುತ್ತಿದ್ದುವು. ದೋಣಿಯಲ್ಲಿ ಕುಳಿತು ಅಲೆಗಳ ಮೇಲೆ ತೂಗಾಡುತ್ತ ಅಲ್ಲಿಯವರೆಗೆ ಹೋಗುವಷ್ಟರಲ್ಲಿ ಬೀಳ್ಕೊಡಲು ಬಂದವರ ಮುಖಗಳು ತೆಂಗಿನ ತೋಪಿನ ಹಸುರಿನಲ್ಲಿ ಕರಗಿಹೋಗುತ್ತಿದ್ದುವು.

ಕೆಲವರಿಗಂತೂ ಮರಳುವ ದಿನವೇ ಬರಲಿಲ್ಲ. ಕನ್ನಡ ಬೈಬಲ್ಲಿನ ಪರಿಷ್ಕರಣಕ್ಕಾಗಿ ಶ್ರಮಿಸಿದ ಗಾಟ್‌ಫ್ರೀಡ್ ವೈಗ್ಲೆ ಅವರು 1855ರಲ್ಲಿ ಮಂಗಳೂರಿನಲ್ಲಿಯೇ ಕಣ್ಮುಚ್ಚಿದರು.

ಮಕ್ಕಳ ಅಗಲಿಕೆ

ಈ ಪಾದ್ರಿಗಳ ಸಂಸಾರಗಳಲ್ಲಿ ಹಡಗು ಎಂಬ ಮಾತಿಗೆ ಇನ್ನೊಂದು ಅರ್ಥವಿತ್ತು. ಇಲ್ಲಿಯ ಹವೆ ಮಕ್ಕಳಿಗೆ ಒಗ್ಗದೆಂದೂ ಶಿಕ್ಷಣ ಯುರೋಪಿನಲ್ಲಿಯೇ ಆಗಬೇಕೆಂದೂ ಭಾವಿಸಿ, ಎಳೆಯ ಮಕ್ಕಳನ್ನು ಬಾಸೆಲಿಗೆ ಕಳುಹಿಸಿಬಿಡುವ ಪದ್ಧತಿ ಬೆಳೆಯಿತು. ಅದಕ್ಕಾಗಿ ಅಲ್ಲಿ ಮಿಶನ್ನಿನ ಮಕ್ಕಳ ಮನೆಯೊಂದು ತಲೆಯೆತ್ತಿತು. ತಂದೆ ತಾಯಿಯರು ಅನ್ಯರ ಮಕ್ಕಳಿಗೆ ಪಾಠ ಹೇಳುತ್ತ ಸಮುದ್ರದ ಈ ದಡದಲ್ಲಿ. ಅವರ ಸ್ವಂತ ಮಕ್ಕಳು ಅನ್ಯರ ಆರೈಕೆಯಲ್ಲಿ ಆ ದಡದಲ್ಲಿ.

ಮಲಯಾಳ ಭಾಷೆಗೆ ನಿಘಂಟನ್ನು ರಚಿಸಿಕೊಟ್ಟ ಹರ್ಮನ್ ಗುಂಡರ್ಟ್ ಅವರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಪುಟ್ಟ ಮಗುವಾಗಿದ್ದಾಗಲೇ ಯುರೋಪಿನಲ್ಲಿ ಬಿಡಲ್ಪಟ್ಟ ಆಕೆ ತಂದೆ ತಾಯಿಯರ ಬಳಿಗೆ ಮರಳಿದ್ದು 1857ರಲ್ಲಿ, ಹದಿನೈದು ವರ್ಷದ ಹುಡುಗಿಯಾಗಿ. ಹೆತ್ತವರ ಪರಿಚಯವನ್ನು ಹೊಸದಾಗಿ ಮಾಡಿಕೊಳ್ಳಬೇಕಾದ ಆ ಮನೆಯ ಮೊದಲ ದಿನಗಳು ಹೇಗಿದ್ದಿರಬಹುದೆಂಬುದನ್ನು ತಾಯಂದಿರು ಊಹಿಸಿಕೊಳ್ಳಬಲ್ಲರು. ಎರಡು ವರ್ಷಗಳಲ್ಲಿ ಗುಂಡರ್ಟರ ಆರೋಗ್ಯ ಕೆಟ್ಟು, 1859ರಲ್ಲಿ ಅವರು ಭಾರತವನ್ನು ಶಾಶ್ವತವಾಗಿ ಬಿಟ್ಟರು. ಜರ್ಮನಿಯ ಕಾಲ್ವ್ ಎಂಬ ಸಣ್ಣ ಊರಿನಲ್ಲಿ ನೆಲಸಿ, ತಾವು ಹೊತ್ತು ತಂದಿದ್ದ ಪದಸಂಗ್ರಹವನ್ನು ಹರವಿಕೊಂಡು ಕುಳಿತರು. ಅವರ ಮಲಯಾಳ ನಿಘಂಟು 1872ರಲ್ಲಿ ಅಚ್ಚಾಗಿ ಹೊರಬಂದುದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ.

ಮೇರಿಯ ಮಗನೇ ಜರ್ಮನ್ ಸಾಹಿತಿ ಹರ್ಮನ್ ಹೆಸ್ಸೆ. ಭಾರತದ ಮಾತುಗಳೂ ವಸ್ತುಗಳೂ ತುಂಬಿದ ಅಜ್ಜನ ಸಾನ್ನಿಧ್ಯದಲ್ಲಿ ಬೆಳೆದ ಆ ಬಾಲಕನು ಮುಂದೆ 1922ರಲ್ಲಿ ‘ಸಿದ್ಧಾರ್ಥ’ ಎಂಬ ಕಾದಂಬರಿಯನ್ನು ಬರೆದನು. 1946ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಭಾರತವನ್ನು ಕ್ರಿಸ್ತನ ಕಡೆಗೆ ತಿರುಗಿಸಬೇಕೆಂದು ಅಜ್ಜ ಹೊರಟಿದ್ದರೆ, ಮೊಮ್ಮಗನು ಬುದ್ಧನ ಕಾಲದ ಭಾರತವನ್ನು ಯುರೋಪಿಗೆ ತೋರಿಸಿದನು. 1911ರಲ್ಲಿ ಪೂರ್ವದೇಶಗಳ ಪ್ರವಾಸ ಕೈಗೊಂಡ ಹೆಸ್ಸೆ ಸಿಂಹಳ, ಸುಮಾತ್ರಗಳನ್ನು ನೋಡಿದನಾದರೂ ತಾಯಿ ಹುಟ್ಟಿದ ಕರಾವಳಿಗೆ ಬಾರದೆಯೇ ಹಿಂದಿರುಗಿದನು.

ಮೋಗ್ಲಿಂಗ್ ಅವರ ಲೆಕ್ಕ

ಗುಂಡರ್ಟರ ಸ್ನೇಹಿತರೇ ಹರ್ಮನ್ ಮೋಗ್ಲಿಂಗ್. 1811ರಲ್ಲಿ ಜನಿಸಿದ ಅವರು 1836ರಲ್ಲಿ ಮಂಗಳೂರಿಗೆ ಬಂದಾಗ ಇಪ್ಪತ್ತೈದರ ತರುಣ. ಕನ್ನಡವನ್ನು ಕಲಿತರೆ ಬೋಧನೆಗೆ ಅನುಕೂಲವೆಂಬುದು ಅವರ ಮೊದಲ ಎಣಿಕೆ. ಆದರೆ ನುಡಿಯೆಂಬುದು ಒಂದು ಉಪಕರಣವಾಗಿ ಬಹುಕಾಲ ನಿಲ್ಲುವುದಿಲ್ಲ. ಪ್ರೀತಿಯಿಂದ ಹಿಡಿದವರನ್ನು ಅದು ತಾನೇ ಹಿಡಿದುಕೊಳ್ಳುತ್ತದೆ.

1843ನೆಯ ಜುಲೈ 1ರಂದು ಅವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕಲ್ಲಚ್ಚಿನಲ್ಲಿ ಮುದ್ರಿತವಾದ ಈ ಪಾಕ್ಷಿಕವೇ ಕನ್ನಡದ ಮೊದಲ ವೃತ್ತಪತ್ರಿಕೆ. ಆ ದಿನವನ್ನು ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಮುಂದೆ 1848ರಿಂದ 1853ರವರೆಗೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಮಾಲೆಯನ್ನು ಅವರು ಸಂಪಾದಿಸಿದರು. ನಿವೃತ್ತ ನ್ಯಾಯಾಧಿಕಾರಿ ಕಾಸಾಮೇಜರ್ ಎಂಬವರ ಧನಸಹಾಯ ಇದಕ್ಕೆ ಒದಗಿತು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು—ಓಲೆಗರಿಗಳಲ್ಲಿ, ಜನರ ಬಾಯಲ್ಲಿ ಇದ್ದ ಸಂಪತ್ತು ಕಾಗದದ ಮೇಲೆ ಮೂಡಿತು.

ಇಲ್ಲೊಂದು ಸೋಜಿಗವಿದೆ. ವಿಷ್ಣುಭಕ್ತಿಯನ್ನು ಮೋಗ್ಲಿಂಗ್ ಅವರು ಒಪ್ಪುವವರಲ್ಲ. ಅದನ್ನು ಬಿಡಿರೆಂದು ಹೇಳುವುದೇ ಅವರ ವೃತ್ತಿ. ಆದರೂ ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಅವರೇ. ಜನರ ಮನಸ್ಸನ್ನು ಅರಿಯದೆ ಅವರೊಂದಿಗೆ ಮಾತಾಡಲಾಗದೆಂಬ ವಿವೇಕ ಅದರ ಹಿಂದೆ ಇದ್ದಿತೆನ್ನಬಹುದು. ಆದರೆ ಬರಿಯ ವಿವೇಕದಿಂದ ಅಷ್ಟೊಂದು ಶ್ರಮ ಸಾಧ್ಯವೆ? ಯುರೋಪಿಗೆ ಮರಳಿದ ಮೇಲೆ, ಬೋಧಿಸಬೇಕಾದ ಕನ್ನಡಿಗರಾರೂ ಎದುರಿಗಿಲ್ಲದಿದ್ದಾಗಲೂ, ಅವರು ದಾಸರ ಹಾಡುಗಳನ್ನೂ ಲಕ್ಷ್ಮೀಶನ ಕಾವ್ಯದ ಭಾಗಗಳನ್ನೂ ಜರ್ಮನ್ ಭಾಷೆಗೆ ತಂದು ಅಲ್ಲಿಯ ವಿದ್ವತ್‌ಪತ್ರಿಕೆಯಲ್ಲಿ ಪ್ರಕಟಿಸಿದರು. ಇದಕ್ಕೆ ಪ್ರೀತಿಯೆಂಬುದರ ಹೊರತು ಬೇರೆ ಹೆಸರಿಡುವುದು ಕಷ್ಟ.

ಅವರ ಬಾಳಿನ ಇನ್ನೊಂದು ಮುಖವನ್ನೂ ಇಲ್ಲಿ ಹೇಳಲೇಬೇಕು. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ಕ್ರೈಸ್ತಮತವನ್ನು ಸ್ವೀಕರಿಸಿದಾಗ ಊರು ಕದಡಿಹೋಯಿತು. ಮೋಗ್ಲಿಂಗ್ ಅವರಿಗೆ ಒಬ್ಬ ಮಾನಸಪುತ್ರ ದೊರಕಿದನು. ಒಂದು ಮನೆಯು ತನ್ನ ಮಗನನ್ನು ಕಳೆದುಕೊಂಡಿತು. ಕೌಂಡಿನ್ಯರ ಕೈಹಿಡಿದಿದ್ದ ಹೆಣ್ಣುಮಗಳು ಅವರನ್ನು ಹಿಂಬಾಲಿಸಲಿಲ್ಲ. ಬಾಸೆಲಿಗೆ ತೆರಳಿ ಅಲ್ಲಿ ಶಾಸ್ತ್ರಾಭ್ಯಾಸ ಮಾಡಿ ಪಾದ್ರಿಯ ದೀಕ್ಷೆ ಪಡೆದು 1851ರಲ್ಲಿ ಅವರು ಮರಳಿದರು. ಒಬ್ಬನ ಆತ್ಮವು ತನಗೆ ಸರಿಯೆನಿಸಿದ ದಾರಿಯನ್ನು ಹಿಡಿಯುವುದು ಅವನ ಹಕ್ಕೇ ಸರಿ. ಆದರೆ ಆ ಹಕ್ಕಿನ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ಮಿಶನ್ನಿನ ವರದಿಯಲ್ಲಿ ‘ಒಂದು’ ಎಂದು ಬರೆದ ಅಂಕಿಯ ಹಿಂದೆ ಇಂತಹ ಕಣ್ಣೀರು ಎಷ್ಟಿತ್ತೆಂಬುದು ಯಾವ ಲೆಕ್ಕಪುಸ್ತಕದಲ್ಲಿಯೂ ಸಿಕ್ಕುವುದಿಲ್ಲ. ಪಾದ್ರಿಗಳು ಹಂಚಿದ ಕರಪತ್ರಗಳಲ್ಲಿ ಇಲ್ಲಿಯ ದೇವತೆಗಳ ಕುರಿತು ಬಿರುನುಡಿಗಳಿದ್ದುವು. ಅವು ಅನೇಕರ ಮನಸ್ಸನ್ನು ನೋಯಿಸಿದುವು. ಉಪಕಾರದ ಸ್ಮರಣೆ ಮಾಡುವಾಗ ಇದನ್ನು ಮರೆತರೆ ಚಿತ್ರ ಪೂರ್ಣವಾಗುವುದಿಲ್ಲ.

1852ರ ಸುಮಾರಿಗೆ ಮೋಗ್ಲಿಂಗ್ ಅವರು ತಾಯ್ನಾಡಿಗೆ ಮರಳುವ ಆಲೋಚನೆಯಲ್ಲಿದ್ದರು. ಆಗ ಕೊಡಗಿನಿಂದ ಅಳಮಂಡ ಸೋಮಯ್ಯ ಎಂಬವರು ದೀಕ್ಷೆಯನ್ನು ಬಯಸಿ ಮಂಗಳೂರಿಗೆ ಬಂದರು. ಪಯಣದ ವಿಚಾರ ಹಿಂದಾಯಿತು; ಮೋಗ್ಲಿಂಗ್ ಅವರು ಘಟ್ಟ ಹತ್ತಿ ಕೊಡಗಿಗೆ ಹೋದರು. ಅಲ್ಲಿ ಆನಂದಪುರವೆಂಬ ನೆಲೆಯನ್ನು ಕಟ್ಟಿ, ಅದುವರೆಗೆ ಇತರರ ಹೊಲಗಳಲ್ಲಿ ಜೀತ ಮಾಡುತ್ತಿದ್ದ ದಲಿತ ಜನರ ನಡುವೆ ದುಡಿದರು. ತೀರಿಕೊಂಡ ವೈಗ್ಲೆಯವರ ಪತ್ನಿ ಪೌಲೀನರನ್ನು ವಿವಾಹವಾದರು. ಆಕೆಯ ಆರೋಗ್ಯ ಕೆಟ್ಟಿತು. 1860ರಲ್ಲಿ ಇಬ್ಬರೂ ಹೊರಟರು. ನಲವತ್ತೊಂಬತ್ತರ ವಯಸ್ಸು, ಮತ್ತೆ ಬರುವ ಯೋಗ ಕೂಡಿಬರಲಿಲ್ಲ. ಮರಳುವುದಕ್ಕೆ ಎರಡು ವರ್ಷ ಮೊದಲು, 1858ರಲ್ಲಿ, ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರ ಕನ್ನಡ ಸೇವೆಗಾಗಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತ್ತು. 1881ರಲ್ಲಿ ಎಸ್ಲಿಂಗನ್ನಿನಲ್ಲಿ ಅವರು ತೀರಿಕೊಂಡರು.

‘ಬರುತ್ತೇನೆ’ ಎಂದು ಹೋದವರು

ಕನ್ನಡದ ಮನೆಗಳಲ್ಲಿ ಹೊರಟು ನಿಂತವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತಾರೆ. ಹೋಗುವುದೇ ನಿಜವಾಗಿದ್ದರೂ ಮರಳುವ ಭರವಸೆಯನ್ನು ಹೊಸ್ತಿಲ ಮೇಲೆ ಇರಿಸಿಹೋಗುವ ಸೌಜನ್ಯವದು. ಈ ಮಾತನ್ನು ಅಕ್ಷರಶಃ ನಡೆಸಿಕೊಟ್ಟ ಪಾದ್ರಿಯೊಬ್ಬರಿದ್ದಾರೆ. ಅವರೇ ಫರ್ಡಿನೆಂಡ್ ಕಿಟೆಲ್.

ಉತ್ತರ ಜರ್ಮನಿಯ ಕಡಲತೀರದ ಸೀಮೆಯಲ್ಲಿ 1832ರಲ್ಲಿ ಹುಟ್ಟಿದ ಕಿಟೆಲ್ ಅವರು 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಕೊಡಗು—ಹೀಗೆ ಕನ್ನಡ ಸೀಮೆಯ ಬೇರೆಬೇರೆ ಭಾಗಗಳ ನುಡಿಯನ್ನು ಕಿವಿಯಾರೆ ಕೇಳಿದರು. ಉಳಿದ ಪಾದ್ರಿಗಳಿಗಿಂತ ಅವರ ರೀತಿಯೇ ಬೇರೆ. ಸಂಸ್ಕೃತವನ್ನು ಓದಿದರು, ಹಳಗನ್ನಡದ ಓಲೆಗರಿಗಳನ್ನು ಶೋಧಿಸಿದರು. ಕ್ರಿಸ್ತನ ಚರಿತ್ರೆಯನ್ನೇ ಇಲ್ಲಿಯ ಛಂದಸ್ಸಿನಲ್ಲಿ ಪದ್ಯವಾಗಿಸಿ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಬೋಧನೆಗೆಂದು ಕಳುಹಿಸಿದವನು ವ್ಯಾಕರಣದಲ್ಲಿ ಮುಳುಗಿದರೆ ಹಿರಿಯರು ಹುಬ್ಬುಗಂಟಿಕ್ಕದಿರುವರೆ? ಅವರಿಗೂ ಮಿಶನ್ನಿನ ಕೆಲವರಿಗೂ ನಡುವೆ ಹೊಂದಾಣಿಕೆ ಅಷ್ಟಾಗಿರಲಿಲ್ಲ.

ಸಂಸಾರದಲ್ಲಿಯೂ ಅವರಿಗೆ ನೋವು ತಪ್ಪಲಿಲ್ಲ. 1860ರಲ್ಲಿ ಕೈಹಿಡಿದ ಪೌಲೀನ್ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಆಕೆಯ ತಂಗಿ ಜೂಲಿಯನ್ನು ಅವರು ಮದುವೆಯಾದರು.

ಕನ್ನಡಕ್ಕೆ ಅದಕ್ಕೆ ಮೊದಲು ನಿಘಂಟುಗಳೇ ಇರಲಿಲ್ಲವೆಂದಲ್ಲ. ಲಂಡನ್ ಮಿಶನ್ನಿನ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೇ ಪ್ರಕಟವಾಗಿತ್ತು. ಆದರೆ ಹಳಗನ್ನಡದ ಕವಿಗಳನ್ನೂ ಸಂತೆಯ ಮಾತನ್ನೂ ಒಂದೇ ಕಡೆ ಕೂಡಿಸಿ, ಆಧಾರಗಳೊಂದಿಗೆ ಅರ್ಥ ಕೊಡುವ ಗ್ರಂಥ ಇನ್ನೂ ಆಗಬೇಕಾಗಿತ್ತು. ಆ ಕಾರ್ಯವನ್ನು ಹೊತ್ತ ಕಿಟೆಲ್ ಅವರು ಕೆಲಸ ಮುಗಿಯುವ ಮೊದಲೇ, 1877ರಲ್ಲಿ, ಜರ್ಮನಿಗೆ ಮರಳಿದರು. ಇಪ್ಪತ್ತನಾಲ್ಕು ವರ್ಷದ ಸೇವೆ. ಸಾಮಾನ್ಯರಾಗಿದ್ದರೆ ಅಲ್ಲಿಗೆ ಸಾಕೆನ್ನುತ್ತಿದ್ದರು.

ಆದರೆ ನಿಘಂಟೆಂಬುದು ದೂರದಲ್ಲಿ ಕುಳಿತು ಮುಗಿಸುವ ಕೆಲಸವಲ್ಲ. ಒಂದು ಗಾದೆಯ ತಾತ್ಪರ್ಯವನ್ನು, ಒಂದು ಸೊಪ್ಪಿನ ಹೆಸರನ್ನು, ನೇಗಿಲಿನ ಒಂದು ಭಾಗವನ್ನು ಯಾರಲ್ಲಿ ಕೇಳಬೇಕು? 1883ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಅವರು ಮತ್ತೆ ಹಡಗು ಹತ್ತಿ ಬಂದರು. ಈ ಸಲ ಬಂದದ್ದು ಜನರಿಗೆ ಹೇಳುವುದಕ್ಕಲ್ಲ, ಜನರನ್ನು ಕೇಳುವುದಕ್ಕೆ. ಈ ನೆಲದ ಪಂಡಿತರನ್ನು ನೆರವಿಗಿಟ್ಟುಕೊಂಡು, ಮಂಕಾಗುತ್ತಿದ್ದ ಕಣ್ಣುಗಳೊಡನೆ ಹೋರಾಡುತ್ತ, ಇನ್ನೂ ಒಂಬತ್ತು ವರ್ಷ ದುಡಿದರು. 1892ರಲ್ಲಿ ಕೊನೆಯ ಸಲ ಹೊರಟಾಗ ಅವರಿಗೆ ಅರುವತ್ತು ತುಂಬಿತ್ತು.

1894ರಲ್ಲಿ ನಿಘಂಟು ಮಂಗಳೂರಿನಿಂದ ಪ್ರಕಟವಾಯಿತು. 1700ಕ್ಕೂ ಹೆಚ್ಚು ಪುಟಗಳು; ಸುಮಾರು 70,000 ಪದಗಳು. ಒಂದೊಂದು ಪದದ ಬಳಿಯಲ್ಲಿ ತಮಿಳು, ತೆಲುಗು, ಮಲಯಾಳ, ತುಳು ನುಡಿಗಳ ಬಂಧುಗಳು ಸಾಲಾಗಿ ಕುಳಿತಿವೆ. ಹಳ್ಳಿಯ ಗಾದೆಗಳು ಪ್ರಾಚೀನ ಕವಿಗಳ ಪ್ರಯೋಗಗಳೊಂದಿಗೆ ಸಮಪಂಕ್ತಿಯಲ್ಲಿ ಬರುತ್ತವೆ. ಸಂಸ್ಕೃತದೊಳಗೆ ಸೇರಿಹೋಗಿರುವ ದ್ರಾವಿಡ ಪದಗಳಾವುವೆಂಬ ವಿಚಾರವನ್ನೂ ಅವರು ಮುನ್ನುಡಿಯಲ್ಲಿ ಎತ್ತಿದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಮೋಗ್ಲಿಂಗ್ ಅವರಂತೆ ಇವರನ್ನೂ ಡಾಕ್ಟರೇಟ್ ನೀಡಿ ಗೌರವಿಸಿತು. ಜರ್ಮನಿಯಲ್ಲಿ ಕುಳಿತೇ ಕನ್ನಡ ವ್ಯಾಕರಣವೊಂದನ್ನು ಅವರು ಸಿದ್ಧಪಡಿಸಿದರು. ಅದು ಮಂಗಳೂರಿನಲ್ಲಿ ಪ್ರಕಟವಾದುದು 1903ರಲ್ಲಿ. ಆ ವರ್ಷದ ಡಿಸೆಂಬರಿನಲ್ಲಿಯೇ ಟ್ಯೂಬಿಂಗನ್ನಿನಲ್ಲಿ ಅವರು ಕೊನೆಯುಸಿರೆಳೆದರು. ಹಡಗಿನಿಂದಿಳಿದು ಹನ್ನೊಂದು ವರ್ಷ ಕಳೆದಿದ್ದರೂ ಕೈಯಲ್ಲಿದ್ದ ಕೆಲಸ ಕನ್ನಡದ್ದೇ ಆಗಿತ್ತು.

ಬೀಳ್ಕೊಡುಗೆಯಿಲ್ಲದ ನಿರ್ಗಮನ

ಮೋಗ್ಲಿಂಗ್, ಕಿಟೆಲ್ ಇವರಾದರೂ ತಾವಾಗಿ ಹೊರಟವರು. ಮುಂದಿನ ತಲೆಮಾರಿನವರಿಗೆ ಆ ಭಾಗ್ಯವೂ ಇರಲಿಲ್ಲ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದೊಡನೆ ಜರ್ಮನ್ ಪ್ರಜೆಗಳಾಗಿದ್ದ ಪಾದ್ರಿಗಳು ಬ್ರಿಟಿಷ್ ಸರಕಾರದ ದೃಷ್ಟಿಯಲ್ಲಿ ಶತ್ರುಗಳಾದರು. ನಿನ್ನೆಯವರೆಗೆ ಶಾಲೆ ನಡೆಸುತ್ತಿದ್ದವರನ್ನು ಅಹಮದನಗರದ ಬಂಧನ ಶಿಬಿರಕ್ಕೆ ಒಯ್ದರು. ಅನಂತರ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ದೇಶದಿಂದ ಕಳುಹಿಸಿಬಿಟ್ಟರು. ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ್ದ ಹೆಂಚಿನ ಉದ್ಯಮವೂ ಇತರ ಕಾರ್ಖಾನೆಗಳೂ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದುವು. ದಶಕಗಳ ಕಾಲ ಕಟ್ಟಿದ್ದನ್ನು ಬಿಟ್ಟು ಅವರು ಹೋದರು. 1939ರಲ್ಲಿ ಎರಡನೆಯ ಯುದ್ಧ ಬಂದಾಗ, ಮತ್ತೆ ಬಂದಿದ್ದ ಜರ್ಮನರ ಪಾಲಿಗೆ ಅದೇ ಕಥೆ ಪುನರಾವರ್ತಿತವಾಯಿತು.

ಸ್ವಾರಸ್ಯವೆಂದರೆ, ಪಾದ್ರಿಗಳು ಇಲ್ಲದ ಮೇಲೆ ಸಭೆಗಳು ಬಿದ್ದುಹೋಗಲಿಲ್ಲ. ಇಲ್ಲಿಯವರೇ ಶಾಲೆ, ಆಸ್ಪತ್ರೆ, ದೇವಾಲಯಗಳ ಹೊಣೆ ಹೊತ್ತರು. 1947ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾಯಿತು. ಬಾಸೆಲ್ ಮಿಶನ್ನಿನ ಸಭೆಗಳು ಕ್ರಮೇಣ ಅದರಲ್ಲಿ ಒಂದುಗೂಡಿದುವು. ಹಿರಿಯರು ಹೋದ ಮೇಲೆಯೇ ಮನೆಯ ಮಕ್ಕಳ ಸಾಮರ್ಥ್ಯ ಬೆಳಕಿಗೆ ಬರುವುದುಂಟು.

ಉಳಿದದ್ದೇನು?

ಬಾಸೆಲಿನ ಪತ್ರಾಗಾರದಲ್ಲಿ ಈ ಪಾದ್ರಿಗಳ ಪತ್ರಗಳೂ ವರದಿಗಳೂ ಛಾಯಾಚಿತ್ರಗಳೂ ಇಂದಿಗೂ ಸುರಕ್ಷಿತವಾಗಿವೆ. ಇಲ್ಲಿ ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ, ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ, ಆ ಕಾಲದ ಮುದ್ರಣಗಳನ್ನು ನೋಡಬಹುದು. ವರದಿಗಳಲ್ಲಿ ಶಾಲೆಗಳ, ದೀಕ್ಷೆ ಪಡೆದವರ, ಉಪದೇಶಿಗಳ ಲೆಕ್ಕಗಳಿವೆ. ತಮ್ಮ ಸಾಫಲ್ಯವನ್ನು ಅವರು ಆ ಅಂಕಿಗಳಲ್ಲಿ ಹುಡುಕಿದರು. ಅದು ಅವರ ಧರ್ಮ. ಕನ್ನಡ ನಾಡು ಅವರನ್ನು ಅಳೆದ ಅಳತೆಗೋಲು ಬೇರೆ.

ಪರನಾಡಿಗೆ ಕೊಡಲೆಂದು ಹೋದವರು ಹಿಂದಿರುಗುವಾಗ, ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚೆಂದು ಕಂಡುಕೊಳ್ಳುವುದು ಹೊಸತಲ್ಲ. ಆದರೆ ಪಡೆದದ್ದನ್ನು ಒಪ್ಪವಾಗಿ ಜೋಡಿಸಿ ಕೊಟ್ಟವರಿಗೇ ಮರಳಿ ಒಪ್ಪಿಸಿಹೋಗುವವರು ವಿರಳ. ಕಿಟೆಲ್ ಅವರ ನಿಘಂಟಿನಲ್ಲಿರುವ ಒಂದು ಪದವಾದರೂ ಅವರ ಸ್ವಂತದ್ದಲ್ಲ. ಒಕ್ಕಲಿಗನದು, ಅಗಸನದು, ಅಜ್ಜಿಯದು, ಕವಿಯದು. ಅದನ್ನೆಲ್ಲ ಕೇಳಿ, ಬರೆದುಕೊಂಡು, ಅಕಾರಾದಿಯಾಗಿ ಇರಿಸಿ ಕೊಟ್ಟದ್ದು ಮಾತ್ರ ಅವರದು. 1968ರಿಂದ 1971ರವರೆಗೆ ಮದರಾಸು ವಿಶ್ವವಿದ್ಯಾಲಯವು ಆ ಗ್ರಂಥವನ್ನು ವಿದ್ವಾನ್ ಎಂ. ಮರಿಯಪ್ಪ ಭಟ್ಟರ ಪರಿಷ್ಕರಣದೊಂದಿಗೆ ನಾಲ್ಕು ಸಂಪುಟಗಳಲ್ಲಿ ಮತ್ತೆ ಹೊರತಂದಿತು. ವಿದೇಶೀಯನು ಆರಂಭಿಸಿದ ಕಾರ್ಯವನ್ನು ಈ ನೆಲದವರು ತಮ್ಮದೆಂದು ಎತ್ತಿಕೊಂಡು ಮುಂದುವರಿಸಿದರು. ಪರದೇಶದಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿದವರು ಇದಕ್ಕಿಂತ ದೊಡ್ಡ ಸಂಭಾವನೆಯನ್ನು ಬಯಸಲಾರರು.